ಮೊದಲ ಪಿಕೆ ಮಾಡೆಲ್ ಮಾಡ್ತಿದ್ದೀರಾ? ರನ್ ಒತ್ತುವ ಮುಂಚೆ ಕ್ಯಾಲ್ಕ್ಯುಲೇಟರ್ ತೆಗೀರಿ

ನುಂಗಿದ ಮಾತ್ರೆ ರಕ್ತಕ್ಕೆ ಎಷ್ಟು ಬೇಗ ಸೇರುತ್ತದೆ, ಎಷ್ಟು ಬೇಗ ಖಾಲಿಯಾಗುತ್ತದೆ, ಒಬ್ಬರಿಂದ ಒಬ್ಬರಿಗೆ ಎಷ್ಟು ವ್ಯತ್ಯಾಸ ಬರುತ್ತದೆ ಅನ್ನೋದನ್ನು ಲೆಕ್ಕ ಹಾಕುವುದೇ ಪಾಪ್ಯುಲೇಷನ್ ಪಿಕೆ (ಫಾರ್ಮಕೊಕೈನೆಟಿಕ್ಸ್) ಮಾಡೆಲ್. ಹೊಸ ಔಷಧಿಯ ಡೋಸ್ ಗೊತ್ತುಮಾಡುವಾಗ ಇದು ಬೇಕೇ ಬೇಕು. ಲೂಯಿಸ್ ಶೈನರ್ ಮತ್ತು ಸ್ಟುವರ್ಟ್ ಬೀಲ್ ಕಟ್ಟಿದ ಸಾಫ್ಟ್‌ವೇರ್ ನಾನ್‌ಮೆಮ್ ಇವತ್ತಿಗೂ ಈ ಕೆಲಸದ ಹಳೇ ಹುಲಿ. ಆದರೆ ಅದಕ್ಕೆ ಲೈಸೆನ್ಸ್ ಬೇಕು. ಕಲಿಯೋಕೆ ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮತ್ತು ಅದರ ಪ್ಯಾಕೇಜ್ ಎನ್‌ಎಲ್‌ಮಿಕ್ಸ್‌ಆರ್2 ಸಾಕು, ಎರಡೂ ಪುಕ್ಕಟೆ.

ಆರ್ ತೆರೆದು ಥಿಯೋಫ್ (Theoph) ಅನ್ನೋ ಡೇಟಾ ನೋಡಿ. ಅದು ಆರ್ ಜೊತೆಗೇ ಬರುತ್ತದೆ. 12 ಜನ, ಒಬ್ಬೊಬ್ಬರಿಗೂ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ 11 ಸಲ ಅಳತೆ, ಒಟ್ಟು 132 ಸಾಲು, ಔಷಧಿ ಥಿಯೋಫಿಲಿನ್. ಸುಮ್ನೆ ಮಾಡೆಲ್‌ಗೆ ಸುರಿಯಬೇಡಿ. ಡೋಸ್ ಕಾಲಂ ನೋಡಿ: ಮೊದಲನೆಯವರಿಗೆ 4.02. ಇದು ಮಿಲಿಗ್ರಾಂ ಅಲ್ಲ, ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಅಂತ. ಅವರ ತೂಕ 79.6 ಕಿಲೋ, ಗುಣಿಸಿದರೆ 320 ಮಿಲಿಗ್ರಾಂ. ಹೀಗೇ ಎಲ್ಲರದನ್ನೂ ಗುಣಿಸಿ ನೋಡಿ, ಹೆಚ್ಚುಕಮ್ಮಿ 320ರ ಹತ್ತಿರವೇ ಬರುತ್ತದೆ, ಒಂಬತ್ತನೆಯವರು ಮಾತ್ರ 268! ಗುಣಿಸೋದು ಮರೆತರೆ ಮಾಡೆಲ್ ಓಡುತ್ತದೆ, ಉತ್ತರವನ್ನೂ ಕೊಡುತ್ತದೆ, ಆದರೆ ಉತ್ತರದಲ್ಲಿ ಲೀಟರ್ ಅಂದುಕೊಂಡಿದ್ದು ಕಿಲೋಗೆ ಇಷ್ಟು ಲೀಟರ್ ಆಗಿರುತ್ತದೆ. ಎರರ್ ಮೆಸೇಜ್ ಬರಲ್ಲ. ಅದೇ ಕಷ್ಟ.

ಈಗ ಮೊದಲನೆಯವರ ಕೊನೆಯ ಎರಡು ಅಳತೆ ತಗೊಳ್ಳಿ. ಮಾತ್ರೆ ನುಂಗಿದ 12.12 ಗಂಟೆಗೆ ಲೀಟರಿಗೆ 5.94 ಮಿಲಿಗ್ರಾಂ, 24.37 ಗಂಟೆಗೆ 3.28. ಎರಡರ ನ್ಯಾಚುರಲ್ ಲಾಗ್ (ln) ವ್ಯತ್ಯಾಸವನ್ನು 12.25 ಗಂಟೆಯಿಂದ ಭಾಗಿಸಿದರೆ 0.0485. 0.693 ಅನ್ನು ಅದರಿಂದ ಭಾಗಿಸಿ, ಅಂದರೆ ಔಷಧಿ ಅರ್ಧಕ್ಕಿಳಿಯೋಕೆ ಸುಮಾರು 14 ಗಂಟೆ. ಇಡೀ ಗುಂಪಿನ ಲೆಕ್ಕದಲ್ಲಿ ಅದು 8 ಗಂಟೆಯ ಆಸುಪಾಸು ಬರುತ್ತದೆ. ಇವರದು ನಿಧಾನ ದೇಹ, ಅಷ್ಟೇ. ಈ ವ್ಯತ್ಯಾಸವನ್ನು ಹಿಡಿಯೋಕೇ ಅಲ್ವಾ ಪಾಪ್ಯುಲೇಷನ್ ಮಾಡೆಲ್ ಇರೋದು?

ಇಡೀ ದೇಹವನ್ನು ಒಂದೇ ಬಕೆಟ್ ಅಂದುಕೊಳ್ಳುವ ಮಾಡೆಲ್ ಸಾಕು, ಅಂದರೆ ಒನ್ ಕಂಪಾರ್ಟ್‌ಮೆಂಟ್. ಶುರುವಿನ ಬೆಲೆಗಳು: ಹೀರಿಕೆಯ ವೇಗ ಗಂಟೆಗೆ 1.5, ಕ್ಲಿಯರೆನ್ಸ್ (ಗಂಟೆಗೆ ಎಷ್ಟು ಲೀಟರಿನಿಂದ ಔಷಧಿ ಖಾಲಿಯಾಗುತ್ತದೆ ಅನ್ನೋದು) ಗಂಟೆಗೆ 2.7 ಲೀಟರ್, ವಾಲ್ಯೂಮ್ (ಆ ಬಕೆಟ್ಟಿನ ಗಾತ್ರ) 32 ಲೀಟರ್. ಲಾಗ್ ಮಾಡಿ ಕೊಡಿ, ಆಗ ಲೆಕ್ಕದ ನಡುವೆ ಈ ಬೆಲೆಗಳು ಮೈನಸ್‌ಗೆ ಹೋಗಲ್ಲ. ಎಡವಿ ಬೀಳೋಕೆ ಇನ್ನೊಂದು ಗುಂಡಿ ಇದೆ. ಮೊದಲನೆಯವರಿಗೆ ಸೊನ್ನೆ ಗಂಟೆಯಲ್ಲೇ 0.74 ಇದೆ, ಮಾಡೆಲ್ ಅಲ್ಲಿ ಸೊನ್ನೆ ಅನ್ನುತ್ತದೆ. ಬರೀ ಪ್ರಪೋರ್ಷನಲ್ ಎರರ್, ಅಂದರೆ ಮಾಡೆಲ್ ಹೇಳಿದ ಬೆಲೆಯ ಇಷ್ಟು ಪಾಲು ತಪ್ಪಬಹುದು ಅಂತ ಇಟ್ಟರೆ ಸೊನ್ನೆಯ ಪ್ರಮಾಣ ಸೊನ್ನೆಯೇ, ಹಾಗಾಗಿ ಆ ಸಾಲು ತಕರಾರು ತೆಗೆಯುತ್ತದೆ. ಅಡಿಟಿವ್ ಎರರ್, ಅಂದರೆ ಬೆಲೆ ಎಷ್ಟೇ ಇರಲಿ ಇಷ್ಟು ತಪ್ಪಬಹುದು ಅನ್ನೋದನ್ನೂ ಸೇರಿಸಿ.

ಸಿಕ್ಕಿಹಾಕಿಕೊಂಡರೆ ಕೇಳಿ, ಈ ಕ್ಷೇತ್ರದವರು ಧಾರಾಳಿಗಳು. ಯುರೋಪಿನಲ್ಲಿ ಇಂಥ ಮಾಡೆಲ್ ಮಾಡುವವರು ಸೇರುವ ಪೇಜ್ (PAGE) ಸಭೆಯಲ್ಲಿ ವಿದ್ಯಾರ್ಥಿಗಳಿಗೆ ಅಂತಲೇ ಶೈನರ್ ಹೆಸರಲ್ಲಿ ಒಂದು ಭಾಗ ಇಟ್ಟಿದ್ದಾರೆ. ಆದರೆ ‘ಓಡ್ತಿಲ್ಲ ಸಾರ್’ ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ಯಾರೂ ಏನೂ ಮಾಡೋಕಾಗಲ್ಲ. ಕಂಪನಿ ಡೇಟಾ ಹಂಚೋ ಹಾಗೂ ಇಲ್ಲ. ಅದೇ ತೊಂದರೆಯನ್ನು ಥಿಯೋಫ್ ಮೇಲೆ ಮರುಕಳಿಸಿ, ಪೂರ್ತಿ ಕೋಡ್ ಮತ್ತು ವರ್ಷನ್ ನಂಬರ್ ಹಾಕಿ ಕಳಿಸಿ. ಆ ಡೇಟಾ ಆರ್ ಇರುವ ಎಲ್ಲರ ಕಂಪ್ಯೂಟರಿನಲ್ಲೂ ಇದೆ.