ಚಿತ್ರ ಮೊದಲು, ಗೋಡೆ ಆಮೇಲೆ

ಹೊಸ ಮನೆ ಕಟ್ಟಿದವರು ಕೇಳುವ ಮೊದಲ ಪ್ರಶ್ನೆ, ಸೋಫಾ ಹಿಂದಿನ ಗೋಡೆಗೆ ಏನು ಹಾಕೋದು ಅಂತ. ಆ ಪ್ರಶ್ನೆಯನ್ನು ಸ್ವಲ್ಪ ಕಾಲ ಪಕ್ಕಕ್ಕಿಡಿ ಅನ್ನುತ್ತೇನೆ ನಾನು. ಗೋಡೆ ಖಾಲಿ ಇದೆ ಅಂತ ಹುಡುಕಲು ಹೊರಟರೆ ಅಳತೆಗೆ ಹೊಂದುವ ಚಿತ್ರ ಸಿಗುತ್ತದೆ. ಮನಸ್ಸಿಗೆ ಹಿಡಿಸುವ ಚಿತ್ರ ಹಾಗೆ ಸಿಗುವುದು ಅಪರೂಪ.

ನಮ್ಮ ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಮನೆಯೊಳಗೇ ಇರುವ ದಿನಗಳು ಜಾಸ್ತಿ. ಕಿಟಕಿಯಾಚೆ ಬರೀ ಮಂಜು. ಆಗ ಕಣ್ಣು ಹೋಗಿ ನಿಲ್ಲುವುದು ಗೋಡೆಯ ಮೇಲೆ. ಪರದೆಯ ಬಣ್ಣಕ್ಕೆ ಹೊಂದುತ್ತದೆ ಅನ್ನುವ ಒಂದೇ ಕಾರಣಕ್ಕೆ ತಂದ ಚಿತ್ರ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಣ್ಣಿಗೆ ಬೀಳುವುದೇ ನಿಂತುಹೋಗುತ್ತದೆ. ಅದೂ ಅಲ್ಲದೆ ನಮ್ಮಲ್ಲಿ ಗೋಡೆಯ ಬಣ್ಣಕ್ಕೇ ಆಯುಷ್ಯ ಕಡಿಮೆ. ಶೀತ ಏರುತ್ತದೆ, ಬಣ್ಣ ಉಬ್ಬಿ ಪುಡಿಯಾಗುತ್ತದೆ, ಮಳೆ ಬಿಟ್ಟ ಮೇಲೆ ಮತ್ತೆ ಬಳಿಯಬೇಕು. ಬದಲಾಗುತ್ತಲೇ ಇರುವ ಗೋಡೆಗೆ ಹೊಂದುವ ಚಿತ್ರ ಯಾಕೆ ಹುಡುಕಬೇಕು?

ಕೊಡಗಿನ ಹಳೆಯ ಮನೆಗಳ ಹಾಲ್ ನೋಡಿ. ಹಿರಿಯರ ಫೋಟೊ, ಅಗಲ ಅಲಗಿನ ಒಡಿಕತ್ತಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ, ಸೈನ್ಯದಲ್ಲಿದ್ದವರ ಪದಕ. ಎಷ್ಟೋ ಮನೆಗಳಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಅವರ ಚಿತ್ರ. ಇದರಲ್ಲಿ ಒಂದನ್ನೂ ಯಾರೂ ಅಂದಕ್ಕೆ ಅಂತ ತಂದದ್ದಲ್ಲ. ಆದರೂ ಆ ಗೋಡೆ ಎಷ್ಟು ಚೆಂದ ಕಾಣುತ್ತದೆ! ಹೊಸದಾಗಿ ತರುವ ಚಿತ್ರಕ್ಕೂ ಆ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ಇರಬೇಕು ಅನ್ನುವುದೇ ನನ್ನ ಅಳತೆಗೋಲು.

ನಮ್ಮ ಹಾಲ್‌ನಲ್ಲಿರುವ ಜಲವರ್ಣ ಸಿಕ್ಕಿದ್ದು ಬೆಂಗಳೂರಿನ ಚಿತ್ರಸಂತೆಯಲ್ಲಿ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಸಂತೆ ಅದು. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದರು ತಮ್ಮ ಕೆಲಸ ಹರಡಿಕೊಂಡು ಕೂರುತ್ತಾರೆ. ಬರೆದವರ ಜೊತೆಗೇ ನೇರ ಮಾತು. ಮೊದಲ ಸುತ್ತಿನಲ್ಲಿ ನಾನು ಬೆಲೆ ಕೇಳುವುದಿಲ್ಲ, ಫೋನಿನಲ್ಲಿ ಫೋಟೊ ತೆಗೆಯುವುದೂ ಇಲ್ಲ. ಸುಮ್ನೆ ನೋಡಿಕೊಂಡು ಹೋಗುತ್ತೇನೆ. ಆಮೇಲೆ ಎಲ್ಲಾದರೂ ಕೂತು ಟೀ ಕುಡಿಯುತ್ತಾ ಕಣ್ಣು ಮುಚ್ಚಿದರೆ ಒಂದೋ ಎರಡೋ ಚಿತ್ರ ಮಾತ್ರ ನೆನಪಿಗೆ ಬರುತ್ತವೆ. ವಾಪಸ್ ಹೋಗುವುದು ಅವುಗಳ ಹತ್ತಿರ ಮಾತ್ರ.

ಆವತ್ತು ನೆನಪಿನಲ್ಲಿ ಉಳಿದುಕೊಂಡದ್ದು ಒಂದು ನಾಟಿ ಗದ್ದೆಯ ಚಿತ್ರ. ಹತ್ತಿರ ಹೋಗಿ ನೋಡಿದೆ. ಗದ್ದೆಯ ನೀರಿಗೆ ಬಣ್ಣವನ್ನೇ ಹಚ್ಚಿರಲಿಲ್ಲ. ಕಾಗದದ ಬಿಳಿಯನ್ನು ಹಾಗೇ ಬಿಟ್ಟಿದ್ದರು. ಸಸಿಗಳ ನಡುವೆ ಆ ಬಿಳಿಯೇ ಮೋಡ ಕವಿದ ಆಕಾಶವನ್ನು ತೋರಿಸುತ್ತಿತ್ತು. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಗ್ಗಿದ ಹೆಂಗಸಿನ ಬೆನ್ನು ನೀಲಿ ಬಣ್ಣದ ಒಂದೇ ಎಳೆತ. ಅದರ ಅಂಚು ಒದ್ದೆಯಲ್ಲಿ ಹರಡಿ ಮಳೆಯ ಜೊತೆ ಸೇರಿಹೋಗಿತ್ತು. ಜುಲೈ ತಿಂಗಳ ನಮ್ಮ ಗದ್ದೆಯನ್ನು ಇಷ್ಟು ಸರಿಯಾಗಿ ಇನ್ಯಾರೂ ನನಗೆ ತೋರಿಸಿರಲಿಲ್ಲ. ಬರೆದದ್ದು ಒಬ್ಬ ವಿದ್ಯಾರ್ಥಿ. ಎಲ್ಲೆಲ್ಲಿ ಬಣ್ಣ ಹಚ್ಚಬಾರದು ಅಂತ ಮೊದಲೇ ಯೋಚಿಸಿಕೊಂಡು ಕೂರಬೇಕಾಗುತ್ತದೆ ಅಂದರು. ಚೌಕಾಸಿ ಮಾಡಲು ನನಗೆ ಮನಸ್ಸು ಬರಲಿಲ್ಲ.

ಹಾಗಂತ ಅಂದಕ್ಕಾಗಿ ಚಿತ್ರ ಹಾಕುವುದು ಕೀಳು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಹೋಂಸ್ಟೇ ಕೋಣೆಗಳಿವೆ. ಅಲ್ಲಿಗೆ ಬಣ್ಣ, ಅಳತೆ ನೋಡಿಯೇ ಪ್ರಿಂಟ್ ತರುತ್ತೇನೆ. ಎರಡು ದಿನಕ್ಕೆ ಬಂದವರಿಗೆ ಕೋಣೆ ಹಿತವಾಗಿ ಕಾಣಬೇಕು, ಹಾಳಾದರೆ ಬದಲಾಯಿಸುವಂತಿರಬೇಕು, ಅಷ್ಟೇ. ಆದರೆ ಬೈಲುಕುಪ್ಪೆಯಿಂದ ಥಾಂಕಾ, ಅಂದರೆ ಬಟ್ಟೆಯ ಮೇಲೆ ಬರೆದ ಟಿಬೆಟನ್ ಬೌದ್ಧ ಚಿತ್ರ, ತಂದು ಮಂಚದ ಮೇಲೆ ಹಾಕೋಣ, ಕೆಂಪು ಬಣ್ಣ ಮರಕ್ಕೆ ಒಪ್ಪುತ್ತದೆ ಅಂತ ಮನೆಯವರು ಹೇಳಿದಾಗ ನಾನು ಒಪ್ಪಲಿಲ್ಲ. ಥಾಂಕಾದಲ್ಲಿ ಬುದ್ಧನ ಮುಖ, ಕೈಬೆರಳು ಎಲ್ಲಕ್ಕೂ ಶಾಸ್ತ್ರದ ಅಳತೆ ಇದೆ. ಅದನ್ನು ಬರೆಯುವುದು ಧ್ಯಾನಕ್ಕೆ, ಪೂಜೆಗೆ. ಅದನ್ನು ಹಾಸಿಗೆಯ ಬಣ್ಣಕ್ಕೆ ಹೊಂದಿಸುವುದು ಸರಿಯಲ್ಲ ಅಲ್ವಾ?

ಇಷ್ಟದ ಚಿತ್ರ ಮನೆಗೆ ಬಂದ ಮೇಲೆ ಅಲಂಕಾರದ ಲೆಕ್ಕ ಶುರು. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತು ನೋಡುವವರ ಕಣ್ಣಿಗೆ ಸರಿ. ನಾವು ಜಾಸ್ತಿ ಕೂತೇ ನೋಡುತ್ತೇವೆ, ಅದಕ್ಕೆ ಸ್ವಲ್ಪ ಕೆಳಗೆ ಹಾಕಿದ್ದೇನೆ. ಫ್ರೇಮಿಗೆ ತೆಳು ಮರ, ಚಿತ್ರದ ಸುತ್ತ ಅಗಲವಾದ ಬಿಳಿ ಮೌಂಟ್, ಅಂದರೆ ಬೋರ್ಡಿನ ಅಂಚು. ಸೋಫಾದ ಹೊದಿಕೆಯನ್ನು ಚಿತ್ರಕ್ಕೆ ತಕ್ಕಂತೆ ಬದಲಾಯಿಸಿದೆವು.

ಕೊಡಗಿನಲ್ಲಿ ಚಿತ್ರಕ್ಕೆ ಜಾಗ ಗೊತ್ತುಮಾಡುವುದು ಮಾತ್ರ ಮಳೆಯೇ. ನೈಋತ್ಯದಿಂದ ಬರುವ ಇರಚಲು ಹೊಡೆಯುವ ಹೊರಗೋಡೆಗೆ ಕಾಗದದ ಚಿತ್ರ ಹಾಕಲೇಬೇಡಿ. ಎರಡು ಕೋಣೆಗಳ ನಡುವಿನ ಗೋಡೆ ಒಳ್ಳೆಯದು. ಗಾಳಿಯ ತೇವ ಶೇಕಡಾ 65 ದಾಟಿ ಬಹಳ ದಿನ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುವ ಭಯ ಇದ್ದೇ ಇದೆ. ಫ್ರೇಮಿನ ಹಿಂದಿನ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಗಾಜು ಕಾಗದಕ್ಕೆ ತಾಗಬಾರದು, ಮೌಂಟ್ ಇರುವುದೇ ಅದಕ್ಕೆ. ಆ ಮೌಂಟ್ ಮತ್ತು ಹಿಂದಿನ ಹಲಗೆ ಆಮ್ಲರಹಿತ ಬೋರ್ಡಿನದ್ದೇ ಬೇಕು ಅಂತ ಫ್ರೇಮ್ ಹಾಕುವವರಿಗೆ ಒತ್ತಿ ಹೇಳಿ. ಸಾಮಾನ್ಯ ರಟ್ಟು ಹಾಕಿದರೆ ಕೆಲವು ವರ್ಷಗಳಲ್ಲಿ ಕಾಗದ ಹಳದಿಯಾಗುತ್ತದೆ. ಬಟ್ಟೆ ಒಣಗಿಸಲು ಕೆಂಡ ಇಡುವ ಜಾಗದ ಮೇಲಂತೂ ಬೇಡವೇ ಬೇಡ. ಶಾಖ, ಹೊಗೆ ಎರಡೂ ಚಿತ್ರಕ್ಕೆ ಶತ್ರು.

ಮಳೆಗಾಲದಲ್ಲಿ ಆಗಾಗ ಫ್ರೇಮ್ ಇಳಿಸಿ ಹಿಂಬದಿ ನೋಡುತ್ತೇನೆ. ಜಲವರ್ಣದ ಮೇಲೆ ಬೂಷ್ಟಿನ ಚುಕ್ಕೆ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಣ್ಣವೇ ಎದ್ದು ಬರುತ್ತದೆ. ಒಣಗಿದ ಜಾಗದಲ್ಲಿ, ಬೇರೆ ಚಿತ್ರಗಳಿಂದ ದೂರ ಇಟ್ಟು, ತಿಳಿದವರಿಗೆ ತೋರಿಸಿ. ಬೆಂಗಳೂರಿನಲ್ಲಿ, ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಹಳೆಯ ಮೈಸೂರು ಶೈಲಿಯ ಚಿತ್ರ ಮನೆಯಲ್ಲಿದ್ದರಂತೂ, ಅದರ ಉಬ್ಬು ಕೆಲಸದ ಮೇಲಿನ ಚಿನ್ನದ ರೇಕು ಏಳುತ್ತಿದೆ ಅನ್ನಿಸಿದ ಕೂಡಲೇ ಅಂಥ ಕಡೆಗೇ ಒಯ್ಯಿರಿ. ನೀವೇ ಅಂಟು ಹಚ್ಚಲು ಹೋಗಬೇಡಿ.