ಕೋಣೆ ಒಂದೇ, ಮಲಗುವ ಹೊತ್ತು ಎರಡು: ನನ್ನ ಅನುಭವ

ಬೆಂಗಳೂರಿನ ಟೂ ಬಿಎಚ್‌ಕೆ ಮನೆ, 10 ಅಡಿಗೆ 11 ಅಡಿಯ ಕೋಣೆ, ಅದರಲ್ಲಿ ಎರಡು ವರ್ಷದ ಮಗ ಮತ್ತು ಐದೂವರೆ ವರ್ಷದ ಮಗಳು. ಒಟ್ಟಿಗೆ ಮಲಗಿದರೆ ಮಕ್ಕಳ ನಿದ್ದೆ ಹೆಚ್ಚುತ್ತದೆಯೇ ಎಂದು ಕೇಳಿದರೆ, ಹೆಚ್ಚುವುದಿಲ್ಲ ಎಂದೇ ಹೇಳುತ್ತೇನೆ. ಆದರೆ ಇರುವ ನಿದ್ದೆ ಕೆಡದಂತೆ ನೋಡಿಕೊಳ್ಳಬಹುದು. ಕತ್ತಲಿಗೆ ಹೆದರುವ ದೊಡ್ಡ ಮಗುವಿಗೆ ಪಕ್ಕದಲ್ಲೊಂದು ಉಸಿರಿದ್ದರೆ ಬೇಗ ನಿದ್ದೆ ಹತ್ತುತ್ತದೆ, ಅದೇ ದೊಡ್ಡ ಲಾಭ. ಇದೆಲ್ಲ ನಿಂತಿರುವುದು ಒಂದೇ ವಿಷಯದ ಮೇಲೆ: ಇಬ್ಬರನ್ನೂ ಒಂದೇ ಹೊತ್ತಿಗೆ ಮಲಗಿಸಬಾರದು.

ಲೆಕ್ಕವನ್ನು ಬೆಳಿಗ್ಗೆಯಿಂದ ಹಿಂದಕ್ಕೆ ಹಾಕಬೇಕು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದ ಪ್ರಕಾರ, ಹಗಲಿನ ನಿದ್ದೆಯೂ ಸೇರಿ 1–2 ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ, 3–5 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಶಾಲಾ ವ್ಯಾನ್ 7:40ಕ್ಕೆ ಬರುವುದರಿಂದ ದೊಡ್ಡವಳು 6:45ಕ್ಕೆ ಏಳಬೇಕು. ಅಂದರೆ 8:30ಕ್ಕೆ ಅವಳು ನಿದ್ದೆಗೆ ಜಾರಿರಬೇಕು. ಚಿಕ್ಕವನಿಗೆ ಮಧ್ಯಾಹ್ನ ಒಂದೂವರೆ ಗಂಟೆ ನಿದ್ದೆಯಿದೆ, ಅವನು 7:45ಕ್ಕೆ ಮಲಗಿದರೆ ಲೆಕ್ಕ ಸರಿಹೋಗುತ್ತದೆ. ಮಧ್ಯಾಹ್ನದ ನಿದ್ದೆ 3 ಗಂಟೆಯೊಳಗೆ ಮುಗಿಯಲೇಬೇಕು. ನಾಲ್ಕೂವರೆವರೆಗೆ ಮಲಗಲು ಬಿಟ್ಟರೆ ರಾತ್ರಿ ಎಂಟಕ್ಕೆ ಕಣ್ಣು ಅರಳಿಸಿಕೊಂಡು ಕೂತಿರುತ್ತಾನೆ, ಆಮೇಲೆ ಏನು ಮಾಡಿದರೂ ವ್ಯರ್ಥ.

ಏಳಕ್ಕೆಲ್ಲ ಊಟ ಮುಗಿಸಿ ಹಾಲ್‌ನ ಬಿಳಿ ಟ್ಯೂಬ್‌ಲೈಟ್ ಆರಿಸುತ್ತೇವೆ. 7:25ಕ್ಕೆ ಚಿಕ್ಕವನೊಬ್ಬನೇ ಕೋಣೆಗೆ. ದೊಡ್ಡವಳು ಆಗ ಊಟದ ಮೇಜಿನ ಹತ್ತಿರ ಚಿತ್ರ ಬರೆಯುತ್ತಿರಬೇಕು, ಟಿವಿ ಮುಂದೆ ಅಲ್ಲ. ಅವನು ಕಣ್ಣು ಮುಚ್ಚಿದ ಕೂಡಲೇ ಅವಳನ್ನು ಒಳಗೆ ಕಳಿಸುವುದೇ ಎಲ್ಲರೂ ಮಾಡುವ ತಪ್ಪು. ಮೊದಲ ಹದಿನೈದು–ಇಪ್ಪತ್ತು ನಿಮಿಷ ಬರೀ ಮಂಪರು. ರೆಪ್ಪೆಯ ಕೆಳಗೆ ಕಣ್ಣು ಇನ್ನೂ ಆಡುತ್ತಿರುತ್ತದೆ, ತುಟಿ ಚೀಪುತ್ತಿರುತ್ತದೆ. ನಾವು ನೋಡುವುದು ಕೈಯನ್ನು. ಮಣಿಕಟ್ಟು ಹಿಡಿದು ನಾಲ್ಕು ಬೆರಳಷ್ಟು ಎತ್ತಿ ಬಿಟ್ಟಾಗ ಕೈ ಒದ್ದೆ ಬಟ್ಟೆಯ ಹಾಗೆ ಬಿದ್ದರೆ ಗಾಢ ನಿದ್ದೆ. ಬೆರಳು ಮುದುಡಿದರೆ ಅಥವಾ ಕೈ ತಾನಾಗಿ ಮೆಲ್ಲಗೆ ಇಳಿದರೆ ಇನ್ನೂ ಹತ್ತು ನಿಮಿಷ ಕಾಯಬೇಕು.

ದೊಡ್ಡವಳ ಹಲ್ಲುಜ್ಜುವುದು, ಬಾತ್‌ರೂಮು, ಕತೆ ಎಲ್ಲವೂ ಹಾಲ್‌ನಲ್ಲೇ ಮುಗಿಯುತ್ತವೆ. ಕೋಣೆಯೊಳಗೆ ಮಾತಿಲ್ಲ. ಕಾಲುಗೆಜ್ಜೆಯನ್ನು ಹೊರಗೇ ಬಿಚ್ಚಿಡಬೇಕು. ಬಾಗಿಲ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಧೂಳು ಹಿಡಿದು ಮೊದಲಿಗಿಂತ ಜೋರಾಗಿ ಕಿರುಗುಟ್ಟುತ್ತದೆ. ಬೆಳಿಗ್ಗೆಯ ಯೂನಿಫಾರ್ಮು, ಸಾಕ್ಸು, ಬ್ಯಾಗು ರಾತ್ರಿಯೇ ಹಾಲ್‌ಗೆ ಬರಬೇಕು. ಇಲ್ಲದಿದ್ದರೆ ಬೀರು ತೆಗೆಯುವ ಸದ್ದಿಗೇ ಚಿಕ್ಕವನು ಎದ್ದು ಕೂರುತ್ತಾನೆ.

ಸದ್ದು ಮಾಡಬೇಡಿ ಎಂದು ಇಡೀ ಮನೆಗೆ ಬಾಯಿ ಮುಚ್ಚಿಸುವುದರಿಂದ ಏನೂ ಆಗದು. ಮಕ್ಕಳನ್ನು ಎಬ್ಬಿಸುವುದು ಸದ್ದಿಗಿಂತ ಹೆಚ್ಚಾಗಿ ಸದ್ದಿನಲ್ಲಾಗುವ ಬದಲಾವಣೆ. ಸೀಲಿಂಗ್ ಫ್ಯಾನ್ ಒಂದೇ ಸಮನೆ ತಿರುಗುತ್ತಿದ್ದರೆ ಒಬ್ಬರ ಕನವರಿಕೆ ಇನ್ನೊಬ್ಬರಿಗೆ ಮುಟ್ಟುವುದಿಲ್ಲ, ಕರೆಂಟು ಹೋಗಿ ಫ್ಯಾನ್ ನಿಂತ ಮರುಕ್ಷಣ ಇಬ್ಬರೂ ಹೊರಳುತ್ತಾರೆ. ಆ ಕೋಣೆಯ ಫ್ಯಾನ್ ಇನ್‌ವರ್ಟರ್ ಲೈನಿನಲ್ಲಿ ಇರಲಿ. ಡಿಸೆಂಬರ್–ಜನವರಿಯಲ್ಲಿ ಫ್ಯಾನ್ ಬೇಡವಾದಾಗ ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಒಂದನೇ ಸ್ಪೀಡಿನಲ್ಲಿ ಇಡುತ್ತೇವೆ, ಗಾಳಿಗಲ್ಲ, ಸದ್ದಿಗೆ. ರಾತ್ರಿ ದೀಪ ಮಂದ ಹಳದಿಯದು, ಮೊಣಕಾಲಿಗಿಂತ ಕೆಳಗಿನ ಪ್ಲಗ್‌ನಲ್ಲಿ. ನೀಲಿ ಜೀರೋ ಬಲ್ಬ್ ತೆಗೆದುಹಾಕಿ. ಪರದೆ ದಪ್ಪವಿದ್ದರೆ ಸಾಲದು, ಅದರ ಕಂಬಿ ಕಿಟಕಿಯ ಎರಡೂ ಬದಿಗೆ ಆರಾರು ಇಂಚು ಚಾಚಿರಬೇಕು. ಮೇ ತಿಂಗಳಲ್ಲಿ ಆರಕ್ಕೆ ಮುಂಚೆಯೇ ಬೆಳಕಾಗುತ್ತದೆ, ಪರದೆಯ ಅಂಚಿನಿಂದ ನುಸುಳುವ ಆ ಬೆಳಕಿಗೇ ಚಿಕ್ಕವರು ಏಳುವುದು.

ನಡುರಾತ್ರಿ ಒಬ್ಬರು ಅತ್ತರೆ? ಇಲ್ಲಿ ಗಡಿಯಾರ ನೋಡಿ ನಡೆದುಕೊಳ್ಳಬೇಕು. ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಬರುತ್ತದೆ. ಹಾಗಾಗಿ 12 ಗಂಟೆಗೆ ಮುಂಚೆ ಚಿಕ್ಕವನು ಅತ್ತರೆ ದೊಡ್ಡವಳು ಸಾಮಾನ್ಯವಾಗಿ ಏಳುವುದೇ ಇಲ್ಲ. ಓಡಿಹೋಗಿ ಲೈಟು ಹಾಕಿ ‘ಶ್ ಶ್’ ಎನ್ನುವ ಅಪ್ಪ–ಅಮ್ಮನೇ ಅವಳನ್ನು ಎಬ್ಬಿಸುವುದು. ಆ ಹೊತ್ತಿನಲ್ಲಿ ಎರಡು ನಿಮಿಷ ಬಾಗಿಲಾಚೆ ನಿಂತರೆ ಅರ್ಧಕ್ಕರ್ಧ ಸಲ ತಾನೇ ಸುಮ್ಮನಾಗುತ್ತಾನೆ. ನಾಲ್ಕರ ನಂತರ ಇದು ಪೂರ್ತಿ ಉಲ್ಟಾ. ಆಗ ಇಬ್ಬರ ನಿದ್ದೆಯೂ ತೆಳು, ಒಂದು ಮುಲುಕಿಗೂ ಇನ್ನೊಂದು ಮಗು ಏಳುತ್ತದೆ. ತಕ್ಷಣ ಹೋಗಿ ಅತ್ತವರನ್ನು ಎತ್ತಿಕೊಂಡು ಹೊರಗೆ ಬಂದುಬಿಡಿ. ಮಲಗಿದ ಒಂದೆರಡು ಗಂಟೆಯಲ್ಲಿ ಕಣ್ಣು ತೆರೆದೇ ಚೀರಿ, ಯಾರನ್ನೂ ಗುರುತಿಸದೆ ಬೆಚ್ಚಿಬೀಳುವ ಮಗುವನ್ನು ಅಲುಗಾಡಿಸಿ ಎಬ್ಬಿಸಬೇಡಿ. ಬೀಳದಂತೆ ಪಕ್ಕದಲ್ಲಿದ್ದರೆ ಸಾಕು, ಬೆಳಿಗ್ಗೆ ಅದಕ್ಕೆ ನೆನಪೂ ಇರುವುದಿಲ್ಲ. ಬೆಳಗಿನ ಜಾವದ ಕೆಟ್ಟ ಕನಸು ಬೇರೆ, ಅದಕ್ಕೆ ಮಡಿಲು ಬೇಕು.

ಹಾಸಿಗೆ ಇಬ್ಬರಿಗೂ ಬೇರೆ ಬೇರೆ, ನೆಲದ ಮೇಲೆ, ನಡುವೆ ಐದು ಅಡಿ. ತಲೆ ವಿರುದ್ಧ ದಿಕ್ಕಿಗೆ, ಮುಖ ಕಂಡರೆ ಮಾತು ಶುರು. ಬಂಕ್ ಬೆಡ್ ತರುವ ಆಸೆಯಿದ್ದರೆ ಎರಡು ಮಾತು: ಆರು ವರ್ಷದೊಳಗಿನವರು ಮೇಲಿನ ಹಾಸಿಗೆಯಲ್ಲಿ ಮಲಗಬಾರದು. ನಮ್ಮ ಮನೆಗಳ ಸೀಲಿಂಗ್ ಫ್ಯಾನ್ ಮೇಲಿನ ಹಾಸಿಗೆಯಿಂದ ಕೈಗೆಟಕುವಂತಿದ್ದರೆ ಯಾವ ವಯಸ್ಸಿಗೂ ಬೇಡ. ಇನ್ನು ಹಸುಗೂಸಿಗೆ ಈ ಯಾವುದೂ ಅನ್ವಯಿಸುವುದಿಲ್ಲ. ಕನಿಷ್ಠ ಮೊದಲ ಆರು ತಿಂಗಳು ಕೂಸು ಅಪ್ಪ–ಅಮ್ಮನ ಕೋಣೆಯಲ್ಲಿ, ತನ್ನದೇ ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ. ಅಕ್ಕ ಪ್ರೀತಿಯಿಂದಲೇ ಹೊದಿಸುವ ರಗ್ಗು, ಪಕ್ಕದಲ್ಲಿಡುವ ದಿಂಬು ಕೂಸಿನ ಉಸಿರು ಕಟ್ಟಿಸಬಲ್ಲವು.

ಹಾಸಿಗೆ ಒದ್ದೆಯಾಗುವ ಮಗುವಿಗೆ ರಬ್ಬರ್ ಶೀಟು, ದುಪ್ಪಟಿ, ಮತ್ತೆ ರಬ್ಬರ್ ಶೀಟು, ದುಪ್ಪಟಿ ಎಂದು ಎರಡು ಜೊತೆ ಹಾಸಿಡಿ. ಮೇಲಿನ ಜೊತೆಯನ್ನು ಎಳೆದರೆ ಕತ್ತಲಲ್ಲೇ ಕೆಲಸ ಮುಗಿಯುತ್ತದೆ. ಇಬ್ಬರಲ್ಲಿ ಯಾರಾದರೂ ಬಾಯಿ ತೆರೆದು ವಾರದ ಬಹುಪಾಲು ರಾತ್ರಿ ಗೊರಕೆ ಹೊಡೆಯುತ್ತಿದ್ದರೆ ಕೋಣೆ ಬದಲಿಸುವ ಮುಂಚೆ ಇಎನ್‌ಟಿ ವೈದ್ಯರಿಗೆ ತೋರಿಸಿ, ಮೂಗಿನ ಹಿಂದಿನ ಅಡಿನಾಯ್ಡ್ ಊದಿರಬಹುದು.

ಶುಕ್ರವಾರ ರಾತ್ರಿ ಶುರು ಮಾಡಿ. ಪ್ಲೇಸ್ಕೂಲಿಗೆ ಸೇರಿಸಿದ ವಾರ, ಡಯಾಪರ್ ಬಿಡಿಸುವ ವಾರ ಬೇಡ. ಮೂರನೇ ರಾತ್ರಿಯಿಂದ ಐದನೆಯದರವರೆಗೆ ಗಲಾಟೆ ಅತಿ ಹೆಚ್ಚು, ಯಾಕೆಂದರೆ ಪಕ್ಕದಲ್ಲಿ ಆಟಕ್ಕೆ ಜೊತೆಯಿದೆ ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ. ಮೊದಲ ಹತ್ತು ದಿನದಲ್ಲಿ ಯಾವ ತೀರ್ಮಾನಕ್ಕೂ ಬರಬೇಡಿ. ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದ ಸಲ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಲ್ಕು ವಾರದ ನಂತರವೂ ನಿದ್ದೆ ಹತ್ತಲು ಮುಕ್ಕಾಲು ಗಂಟೆ ಹಿಡಿಯುತ್ತಿದ್ದರೆ ಒಬ್ಬರ ಹಾಸಿಗೆಯನ್ನು ನಿಮ್ಮ ಕೋಣೆಗೆ ತಂದು, ಎರಡು ತಿಂಗಳು ಬಿಟ್ಟು ಮತ್ತೆ ನೋಡಿ.

ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ ಮನೆಯ ಪಡಸಾಲೆಯಲ್ಲಿ ಎಲ್ಲ ಮಕ್ಕಳೂ ಸಾಲಾಗಿ ಒಂದೇ ಹೊತ್ತಿಗೆ ಮಲಗುತ್ತಾರೆ, ಮಲಗಲಿ. ವಾಪಸ್ ಬಂದ ಮೊದಲ ರಾತ್ರಿ ಅಂತರ 15 ನಿಮಿಷ, ಎರಡನೆಯ ರಾತ್ರಿ 30, ಮೂರನೆಯ ರಾತ್ರಿ 45.