ಇದಿ ಅಮೀನನ ನಮೂದು: ಯಾರ ಮಾತಿನ ಮೇಲೆ ಬರೆಯಬೇಕು?

ಧಾರವಾಡದಲ್ಲಿ ನಾವು ಕೆಲವರು ಸೇರಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸುತ್ತಿರುವ ವಿಶ್ವಕೋಶದಲ್ಲಿ ಇಪ್ಪತ್ತನೆಯ ಶತಮಾನದ ರಾಜಕೀಯ ವ್ಯಕ್ತಿಗಳ ಜೀವನಚರಿತ್ರೆಗಳನ್ನು ಸಂಪಾದಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವುಗಳಲ್ಲಿ ಅತಿ ಹೆಚ್ಚು ವಾದಕ್ಕೆ ಕಾರಣವಾದದ್ದು ಉಗಾಂಡದ ಇದಿ ಅಮೀನನ ನಮೂದು. ಘಟನೆಗಳ ಚೌಕಟ್ಟಿನ ಬಗ್ಗೆ ಯಾರ ತಕರಾರೂ ಇರಲಿಲ್ಲ. 1971ರ ಜನವರಿ 25ರಂದು, ಅಧ್ಯಕ್ಷ ಮಿಲ್ಟನ್ ಒಬೋಟೆ ಕಾಮನ್‌ವೆಲ್ತ್ ಸಮ್ಮೇಳನಕ್ಕೆಂದು ಸಿಂಗಪುರಕ್ಕೆ ಹೋಗಿದ್ದಾಗ ಅಮೀನ್ ಸೈನ್ಯದ ಬಲದಿಂದ ಅಧಿಕಾರ ಹಿಡಿದ. 1979ರ ಏಪ್ರಿಲ್‌ನಲ್ಲಿ ತಾಂಜಾನಿಯಾದ ಸೈನ್ಯ ಮತ್ತು ಉಗಾಂಡದ ದೇಶಭ್ರಷ್ಟರ ಪಡೆಗಳು ರಾಜಧಾನಿ ಕಂಪಾಲಾಕ್ಕೆ ನುಗ್ಗಿದಾಗ ದೇಶ ಬಿಟ್ಟು ಓಡಿದ. ನಡುವಿನ ಎಂಟು ವರ್ಷಗಳನ್ನು ಯಾರ ಮಾತಿನ ಮೇಲೆ ಹೇಳಬೇಕು ಎಂಬಲ್ಲಿ ವಾದ ಶುರುವಾಯಿತು.

ಮೊದಲ ಕರಡನ್ನು ಬರೆದವರು ಗದುಗಿನ ಕಾಲೇಜೊಂದರ ತರುಣ ಉಪನ್ಯಾಸಕರು. ಅವರ ಮೊದಲ ವಾಕ್ಯದಲ್ಲಿಯೇ ಅಮೀನ್ ‘ನರಭಕ್ಷಕ’ ಆಗಿದ್ದ. ಕರಡು ಕೈಗೆ ಬಂದೊಡನೆ ಪ್ರತಿ ವಾಕ್ಯದ ಎದುರಿನ ಅಂಚಿನಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುವುದು ನನ್ನ ರೂಢಿ: ಇದನ್ನು ಹೇಳಿದವರು ಯಾರು, ಯಾವಾಗ ಹೇಳಿದರು, ಅವರಿಗೆ ಇದು ಹೇಗೆ ತಿಳಿಯಿತು? ಈ ವಾಕ್ಯದ ಎದುರು ಅಂಚು ಖಾಲಿಯೇ ಉಳಿಯಿತು. “ಸರ, ನಮ್ಮ ಅಪ್ಪಾರ ಕಾಲದಿಂದ ಎಲ್ಲಾರೂ ಹಂಗ ಹೇಳ್ಕೋತ ಬಂದಾರಲ್ರಿ” ಎಂದು ಅವರು ವಾದಿಸಿದರು. ಎಪ್ಪತ್ತರ ದಶಕದಲ್ಲಿ ಪತ್ರಿಕೆ ಓದುತ್ತಿದ್ದ ನಮ್ಮ ಕಡೆಯ ಹಿರಿಯರಿಗೆ ಅಮೀನ್ ಎಂದರೆ ಮೊದಲು ನೆನಪಾಗುವುದು ಅದೇ, ನಿಜ. ಆದರೆ ಬಹಳ ಜನ ಹೇಳಿದ ಮಾತೆಲ್ಲ ಒಂದೇ ಬಾಯಿಂದ ಹೊರಟದ್ದಾದರೆ ಅದನ್ನು ಒಂದೇ ಸಾಕ್ಷಿಯೆಂದು ಎಣಿಸಬೇಕಾಗುತ್ತದೆ.

ಹುಡುಕುತ್ತ ಹಿಂದಕ್ಕೆ ಹೋದಾಗ ಸಿಕ್ಕ ಮುಖ್ಯ ಆಧಾರ ಹೆನ್ರಿ ಕ್ಯೆಂಬಾ. ಅಮೀನನ ಸರ್ಕಾರದಲ್ಲಿ ಆರೋಗ್ಯ ಸಚಿವರಾಗಿದ್ದ ಇವರು 1977ರಲ್ಲಿ ದೇಶ ತೊರೆದು ಅದೇ ವರ್ಷ ತಮ್ಮ ಅನುಭವಗಳ ಪುಸ್ತಕ ಪ್ರಕಟಿಸಿದರು. ತಾನು ನರಮಾಂಸ ತಿಂದಿದ್ದೇನೆ ಎಂದು ಅಮೀನನೇ ತಮ್ಮೆದುರು ಕೊಚ್ಚಿಕೊಂಡಿದ್ದ ಎನ್ನುವುದು ಅವರ ಹೇಳಿಕೆ. ತಿನ್ನುವುದನ್ನು ತಾವು ಕಂಡೆವೆಂದು ಅಲ್ಲ. ಎದುರಿನವರನ್ನು ಬೆದರಿಸುವುದರಲ್ಲಿಯೇ ಸುಖ ಕಾಣುತ್ತಿದ್ದ ಮನುಷ್ಯನ ಬಡಾಯಿಯನ್ನು ಅವನ ಕೃತ್ಯವೆಂದು ವಿಶ್ವಕೋಶ ದಾಖಲಿಸಲು ಬರುವುದಿಲ್ಲ.

ಹಾಗಾದರೆ ಕ್ಯೆಂಬಾ ನಂಬಲರ್ಹರಲ್ಲವೇ ಎಂದು ಬಳಗದ ಇನ್ನೊಬ್ಬ ಸದಸ್ಯೆ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ ಅದು. 1976ರಲ್ಲಿ ಅಪಹರಣಕಾರರು ಉಗಾಂಡದ ಎಂಟೆಬೆಗೆ ತಂದಿಳಿಸಿದ ವಿಮಾನದ ಒತ್ತೆಯಾಳುಗಳಲ್ಲಿ ಒಬ್ಬರಾಗಿದ್ದ ಡೋರಾ ಬ್ಲಾಕ್ ಎಂಬ ವೃದ್ಧೆಯನ್ನು ಕಂಪಾಲಾದ ಮುಲಾಗೊ ಆಸ್ಪತ್ರೆಗೆ ಸೇರಿಸಲಾಗಿತ್ತು. ಜುಲೈ 4ರಂದು ಇಸ್ರೇಲಿ ಸೈನಿಕರು ಉಳಿದವರನ್ನು ಬಿಡಿಸಿಕೊಂಡು ಹೋದ ಮೇಲೆ ಅಮೀನನ ಕಡೆಯವರು ಆಕೆಯನ್ನು ಆಸ್ಪತ್ರೆಯಿಂದ ಎಳೆದೊಯ್ದು ಕೊಂದರು ಎಂದು ಕ್ಯೆಂಬಾ ಹೇಳಿದರು. ಆ ಆಸ್ಪತ್ರೆ ಅವರ ಇಲಾಖೆಗೇ ಸೇರಿದ್ದು. ಅಮೀನ್ ಪದಚ್ಯುತನಾದ ಮೇಲೆ 1979ರಲ್ಲಿ ಆಕೆಯ ಅವಶೇಷಗಳು ಕಂಪಾಲಾದ ಹೊರಗೆ ಸಿಕ್ಕಿದವು. ಆದ್ದರಿಂದ ಡೋರಾ ಬ್ಲಾಕ್ ಹತ್ಯೆಯನ್ನು ನಾವು ನೇರವಾಗಿ ಬರೆದೆವು. ನರಮಾಂಸದ ಮಾತನ್ನು ಮೊದಲ ವಾಕ್ಯದಿಂದ ತೆಗೆದು, ಕ್ಯೆಂಬಾ ಹೆಸರಿನೊಡನೆ, ಅವರು ಕೇಳಿದ ಮಾತೆಂದು ಸ್ಪಷ್ಟಪಡಿಸಿ ಕೊನೆಯ ಭಾಗದಲ್ಲಿಟ್ಟೆವು. ಸಾಕ್ಷಿಯೊಬ್ಬರನ್ನು ಪೂರ್ತಿ ಒಪ್ಪುವುದು ಅಥವಾ ಪೂರ್ತಿ ತಳ್ಳುವುದು ಸುಲಭ. ಒಂದೊಂದು ಹೇಳಿಕೆಯನ್ನೂ ಬೇರೆ ಬೇರೆಯಾಗಿ ತೂಗುವುದೇ ಸಂಪಾದಕನ ಕೆಲಸ.

ಸತ್ತವರ ಸಂಖ್ಯೆಯ ಚರ್ಚೆ ಇದಕ್ಕಿಂತ ಉದ್ದವಾಯಿತು. ಕರಡಿನಲ್ಲಿ, ಮಾನವ ಹಕ್ಕುಗಳ ಸಂಸ್ಥೆಯಾದ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಹೆಸರಿನಲ್ಲಿ, ‘ಆಮ್ನೆಸ್ಟಿಯ ಪ್ರಕಾರ 5 ಲಕ್ಷ’ ಎಂದಿತ್ತು. ಮೂಲದತ್ತ ಹೋದಂತೆ ಅದು ದೇಶಭ್ರಷ್ಟ ಉಗಾಂಡನ್ನರ ಸಂಘಟನೆಗಳು ಆಮ್ನೆಸ್ಟಿಯ ನೆರವಿನಿಂದ ಕಲೆಹಾಕಿದ ಅಂದಾಜು ಎಂದು ತಿಳಿಯಿತು. ಒಬ್ಬರಿಂದೊಬ್ಬರು ನಕಲು ಮಾಡುತ್ತ ಬಂದ ಹಾಗೆ ಸಂಘಟನೆಗಳ ಹೆಸರು ಉದುರಿಹೋಗಿ ಆಮ್ನೆಸ್ಟಿಯದು ಮಾತ್ರ ಉಳಿದಿತ್ತು. ಅಂತರರಾಷ್ಟ್ರೀಯ ನ್ಯಾಯವೇತ್ತರ ಆಯೋಗದ ಅಂದಾಜು 80,000ಕ್ಕೆ ಕಡಿಮೆಯಿಲ್ಲ, ಬಹುಶಃ 3 ಲಕ್ಷದ ಸಮೀಪ ಎಂಬುದು. “ಇಷ್ಟ ಅಂತರ ಇದ್ದರ ಓದೋ ಹುಡುಗರು ಏನ್ ತಿಳ್ಕೋಬೇಕ್ರಿ? ಒಂದು ನಕ್ಕಿ ಮಾಡ್ರಿ” ಎಂದು ಪ್ರಕಾಶಕರ ಕಡೆಯವರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. 1971ರಲ್ಲಿಯೇ ಸೈನಿಕ ಠಾಣ್ಯಗಳೊಳಗೆ ಅಚೋಲಿ ಮತ್ತು ಲಾಂಗಿ ಬುಡಕಟ್ಟುಗಳ ಸೈನಿಕರ ಕಗ್ಗೊಲೆಗಳಾದವು. ಅನೇಕ ಹೆಣಗಳು ನೈಲ್ ನದಿಯ ಪಾಲಾದವು. ಕೊಂದ ಸಂಸ್ಥೆಗಳು ಸರ್ಕಾರದವೇ ಆಗಿದ್ದರಿಂದ ಲೆಕ್ಕ ಇಡಬೇಕಾದವರಿಗೆ ಅದನ್ನು ಮುಚ್ಚಿಡುವುದೇ ಬೇಕಾಗಿತ್ತು. ಸಂಖ್ಯೆ ಅಸ್ಪಷ್ಟವಾಗಿರುವುದು ಆ ಆಳ್ವಿಕೆಯ ಅಪರಾಧದ ಒಂದು ಭಾಗ. ದೊಡ್ಡ ಸಂಖ್ಯೆಯನ್ನು ಆರಿಸಿ ಬರೆದರೆ ಅಮೀನನ ದುಷ್ಟತನ ಹೆಚ್ಚು ಸಾಬೀತಾಗುವುದಿಲ್ಲ. ಆ ಒಂದು ಸಂಖ್ಯೆಯನ್ನು ಯಾರಾದರೂ ಅಲುಗಾಡಿಸಿದ ದಿನ, ಹೆಸರು ಸಮೇತ ದಾಖಲಾದ ಹತ್ಯೆಗಳನ್ನೂ ಸಂಶಯಕ್ಕೆ ಒಡ್ಡಿದಂತಾಗುತ್ತದೆ. ಆದ್ದರಿಂದ ಅಂದಾಜುಗಳನ್ನೆಲ್ಲ ಅವುಗಳನ್ನು ಮಾಡಿದವರ ಹೆಸರಿನೊಡನೆ ಕೊಟ್ಟೆವು.

ಹೆಸರುಳ್ಳವರ ಸಾವಿಗೆ ಹೆಚ್ಚು ಸ್ಥಳ ಕೊಡಬೇಕೆಂದು ನಾನು ಹಟ ಹಿಡಿದೆ. 1972ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಬೆನೆಡಿಕ್ಟೊ ಕಿವಾನುಕಾ ಅವರನ್ನು ಹೊತ್ತೊಯ್ಯಲಾಯಿತು, ಅವರು ಮರಳಲಿಲ್ಲ. 1977ರ ಫೆಬ್ರುವರಿಯಲ್ಲಿ ಆರ್ಚ್‌ಬಿಷಪ್ ಜನಾನಿ ಲುವುಮ್ ಮತ್ತು ಇಬ್ಬರು ಸಚಿವರು ಕಾರು ಅಪಘಾತದಲ್ಲಿ ಸತ್ತರೆಂದು ಸರ್ಕಾರ ಪ್ರಕಟಿಸಿತು. ಆರ್ಚ್‌ಬಿಷಪ್‌ರ ದೇಹದಲ್ಲಿ ಗುಂಡಿನ ಗಾಯಗಳಿದ್ದವು. ಸರ್ಕಾರಿ ಪ್ರಕಟಣೆಯೂ ಒಂದು ಆಧಾರವೇ. ಆದರೆ ಸರ್ಕಾರ ಏನು ಹೇಳಿತು ಎಂಬುದಕ್ಕೆ ಅದು ಆಧಾರ, ಏನು ನಡೆಯಿತು ಎಂಬುದಕ್ಕೆ ಅಲ್ಲ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟಾಗ ಓದುಗನಿಗೆ ಆ ಆಳ್ವಿಕೆಯ ಸ್ವರೂಪ ತಿಳಿಯುತ್ತದೆ. ಅದಕ್ಕೆ ವಿಶೇಷಣಗಳ ಅಗತ್ಯ ಬೀಳಲಿಲ್ಲ.

ಉಗಾಂಡದಲ್ಲಿ ನೆಲೆಸಿದ್ದ ಏಷ್ಯನ್ನರ ಉಚ್ಚಾಟನೆ ನಮ್ಮ ಓದುಗರಿಗೆ ಹತ್ತಿರದ ವಿಷಯ. ಹುಬ್ಬಳ್ಳಿಯ ಗುಜರಾತಿ ವರ್ತಕರೊಬ್ಬರು ಉಗಾಂಡದಲ್ಲಿ ಅಂಗಡಿ ಕಳೆದುಕೊಂಡ ತಮ್ಮ ಬಂಧುಗಳ ವಿಷಯವನ್ನು ನನಗೆ ವಿವರವಾಗಿ ಹೇಳಿದರು. ಅದನ್ನು ನಮೂದಿನಲ್ಲಿ ಬಳಸಲಿಲ್ಲ, ಏಕೆಂದರೆ ಓದುಗನು ಪರಿಶೀಲಿಸಲಾಗದ ಖಾಸಗಿ ಮಾತು ಅದು. ಆದರೆ ಪೌರತ್ವದ ಪ್ರಶ್ನೆಯನ್ನು ಬಿಡದೆ ನೋಡಬೇಕೆಂದು ನನಗೆ ಹೊಳೆದದ್ದು ಅವರಿಂದಲೇ. ಕರಡಿನಲ್ಲಿ ‘80,000 ಭಾರತೀಯರನ್ನು ಹೊರಹಾಕಿದ’ ಎಂದಿತ್ತು. 1972ರ ಆಗಸ್ಟ್‌ನಲ್ಲಿ 90 ದಿನಗಳ ಗಡುವು ಕೊಟ್ಟಾಗ ಹೊರಡಬೇಕಾದವರಲ್ಲಿ ಹೆಚ್ಚಿನವರ ಬಳಿ ಇದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್; ಸುಮಾರು 27,000 ಜನ ಬ್ರಿಟನ್ನಿಗೆ, ಸುಮಾರು 6,000 ಜನ ಕೆನಡಾಕ್ಕೆ ಹೋದರು, ಭಾರತಕ್ಕೆ ಬಂದವರು ಅಂದಾಜು 4,500. ಒಟ್ಟು ಸಂಖ್ಯೆ ಆಧಾರದಿಂದ ಆಧಾರಕ್ಕೆ 50,000ದಿಂದ 80,000ದವರೆಗೆ ಬದಲಾಗುವುದರಿಂದ ಅದನ್ನೂ ಹಾಗೆಯೇ ಕೊಟ್ಟೆವು.

ತೀರ ಬಿಸಿಯಾದ ವಾದ ನಡೆದದ್ದು ಮೊದಲ ತಿಂಗಳುಗಳ ಬಗ್ಗೆ. ಅಮೀನ್ ಅಧಿಕಾರಕ್ಕೆ ಬಂದಾಗ ಕಂಪಾಲಾದ ಬೀದಿಗಳಲ್ಲಿ ಜನ ಸಂಭ್ರಮಿಸಿದರು. ಆತ ರಾಜಕೀಯ ಕೈದಿಗಳನ್ನು ಬಿಟ್ಟ. ಲಂಡನ್ನಿನಲ್ಲಿ 1969ರಲ್ಲಿ ತೀರಿಕೊಂಡಿದ್ದ, ಉಗಾಂಡದೊಳಗಿನ ಬುಗಾಂಡ ಎಂಬ ರಾಜ್ಯದ ಅರಸ ಎರಡನೆಯ ಮುಟೇಸಾನ ದೇಹವನ್ನು 1971ರಲ್ಲಿ ತರಿಸಿ ಅಂತ್ಯಕ್ರಿಯೆ ಮಾಡಿಸಿದ. ಇವನ್ನು ಬರೆದರೆ ಕೊಲೆಗಾರನಿಗೆ ಮರ್ಯಾದೆ ಕೊಟ್ಟಂತಾಗುತ್ತದೆ ಎಂದು ಇಬ್ಬರು ಬಲವಾಗಿ ವಿರೋಧಿಸಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಇವನ್ನು ಕೈಬಿಟ್ಟರೆ ಒಂದು ದೇಶದ ಜನ ಇಂಥವನನ್ನು ಹೇಗೆ ಸ್ವಾಗತಿಸಿದರು, ಬ್ರಿಟನ್ ಮತ್ತು ಇಸ್ರೇಲ್ ಆರಂಭದಲ್ಲಿ ಅವನೊಡನೆ ಏಕೆ ಸ್ನೇಹದಿಂದಿದ್ದವು ಎಂಬುದು ವಿದ್ಯಾರ್ಥಿಗೆ ಎಂದಿಗೂ ತಿಳಿಯುವುದಿಲ್ಲ. ಆ ಭಾಗ ಉಳಿಯಿತು, ಆದರೆ ಸೈನಿಕರ ಕಗ್ಗೊಲೆಗಳೂ ಅದೇ ವರ್ಷದ್ದಾದ್ದರಿಂದ ಎರಡನ್ನೂ ಒಂದೇ ಪ್ಯಾರಾದಲ್ಲಿ ಕಾಲಾನುಕ್ರಮದಲ್ಲಿ ಜೋಡಿಸಬೇಕೆಂಬ ಅವರ ಷರತ್ತನ್ನು ನಾನು ಮನಃಪೂರ್ವಕವಾಗಿ ಒಪ್ಪಿದೆ.

ಉಳಿದವು ಬೇಗ ಮುಗಿದವು. ಸಾವಿನ ದಿನ ನಿರ್ವಿವಾದ: 2003ರ ಆಗಸ್ಟ್ 16, ಸೌದಿ ಅರೇಬಿಯಾದ ಜೆದ್ದಾ. ಹುಟ್ಟಿನದು ಹಾಗಲ್ಲ, ವರ್ಷ 1925ರ ಸುಮಾರು ಎಂದು ಹಲವರು, 1928 ಎಂದು ಕೆಲವರು, ಸ್ಥಳ ಕೊಬೊಕೊ ಅಥವಾ ಕಂಪಾಲಾ. ಅಚ್ಚಿಗೆ ಹೋಗುತ್ತಿರುವ ಪ್ರತಿಯಲ್ಲಿ ಎರಡೂ ವರ್ಷಗಳು, ಎರಡೂ ಸ್ಥಳಗಳು ಇವೆ.